ಪಿ.ಇ. ಪರೀಕ್ಷೆಯ ಪರಾಮರ್ಶನ ಗ್ರಂಥಗಳ ಆಯ್ಕೆ

ಪ್ರೊಫೆಷನಲ್ ಎಂಜಿನಿಯರ್ ಪರೀಕ್ಷೆ, ಸಂಕ್ಷೇಪವಾಗಿ ಪಿ.ಇ. ಪರೀಕ್ಷೆ, ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವೃತ್ತಿಪರ ಎಂಜಿನಿಯರ್ ಪರವಾನಗಿಯನ್ನು ಪಡೆಯಲು ಉತ್ತೀರ್ಣರಾಗಬೇಕಾದ ಪರೀಕ್ಷೆಯಾಗಿದೆ. ಇದು ಬಹುಕಾಲ ತೆರೆದ ಪುಸ್ತಕದ ಪರೀಕ್ಷೆಯಾಗಿ, ಕಾಗದದ ಮೇಲೆ ನಡೆಯುತ್ತಿತ್ತು. ಅಭ್ಯರ್ಥಿಗಳು ತಮಗೆ ಬೇಕೆನಿಸಿದ ಗ್ರಂಥಗಳನ್ನು ಪರೀಕ್ಷಾ ಕೊಠಡಿಗೆ ಕೊಂಡೊಯ್ಯಬಹುದಾಗಿದ್ದುದರಿಂದ, ಯಾವ ಗ್ರಂಥಗಳನ್ನು ಒಯ್ಯಬೇಕು, ಯಾವುವನ್ನು ಮನೆಯಲ್ಲಿಯೇ ಬಿಡಬೇಕು ಎಂಬುದು ಸಿದ್ಧತೆಯ ಮುಖ್ಯ ಭಾಗವಾಗಿತ್ತು. 2018ರಿಂದ ಒಂದೊಂದೇ ಶಾಖೆಯ ಪರೀಕ್ಷೆಯು ಗಣಕಯಂತ್ರಕ್ಕೆ ಬದಲಾಯಿಸಲ್ಪಟ್ಟಿದ್ದು, ಸ್ವಂತ ಪುಸ್ತಕಗಳನ್ನು ಒಯ್ಯುವ ಪದ್ಧತಿ ಕೊನೆಗೊಂಡಿದೆ.

ಹಿನ್ನೆಲೆ

ಅಮೆರಿಕದಲ್ಲಿ ಎಂಜಿನಿಯರುಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿದ ಮೊದಲ ರಾಜ್ಯ ವಯೋಮಿಂಗ್, ವರ್ಷ 1907. ನೀರಿನ ಹಕ್ಕಿಗಾಗಿ ಸಲ್ಲಿಸಲಾಗುತ್ತಿದ್ದ ನಕ್ಷೆಗಳನ್ನು ತರಬೇತಿಯೇ ಇಲ್ಲದವರು ತಯಾರಿಸುತ್ತಿದ್ದುದು ಇದಕ್ಕೆ ಕಾರಣವಾಯಿತು. 1937ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಅನಿಲ ಸ್ಫೋಟಗೊಂಡು ಸುಮಾರು ಮುನ್ನೂರು ಮಂದಿ, ಬಹುತೇಕ ಮಕ್ಕಳು, ಮೃತಪಟ್ಟರು. ಅದೇ ವರ್ಷ ಆ ರಾಜ್ಯವೂ ಎಂಜಿನಿಯರುಗಳ ನೋಂದಣಿ ಕಾನೂನನ್ನು ಜಾರಿಗೆ ತಂದಿತು. ಸಾರ್ವಜನಿಕರಿಗೆ ಸಂಬಂಧಿಸಿದ ನಕ್ಷೆಗೆ ಮುದ್ರೆಯೊತ್ತಿ ಸಹಿ ಹಾಕುವ ಅಧಿಕಾರ ಪಿ.ಇ. ಪರವಾನಗಿ ಪಡೆದವರಿಗೆ ಮಾತ್ರ ಇರುವುದರ ಹಿಂದೆ ಇಂತಹ ಕಹಿ ಅನುಭವಗಳಿವೆ.

ಪರವಾನಗಿ ನೀಡುವವು ಆಯಾ ರಾಜ್ಯಗಳ ಮಂಡಳಿಗಳು. ಪ್ರಶ್ನೆಪತ್ರಿಕೆಯನ್ನು ಮಾತ್ರ ಎನ್‌ಸಿಇಇಎಸ್ ಎಂಬ ರಾಷ್ಟ್ರೀಯ ಪರಿಷತ್ತು ಸಿದ್ಧಪಡಿಸುತ್ತದೆ. ಸಾಮಾನ್ಯವಾಗಿ ಮಾನ್ಯತೆ ಪಡೆದ ಪದವಿ, ಎಫ್.ಇ. ಎಂಬ ಪ್ರಾಥಮಿಕ ಪರೀಕ್ಷೆ ಹಾಗೂ ನಾಲ್ಕು ವರ್ಷಗಳ ಅನುಭವ, ಇವುಗಳ ಜೊತೆಗೆ ಪಿ.ಇ. ಪರೀಕ್ಷೆಯೂ ಅಗತ್ಯ. ಕಾಗದದ ಪರೀಕ್ಷೆಯು ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ನಡೆಯುತ್ತಿತ್ತು. ಅನುತ್ತೀರ್ಣರಾದವರು ಕನಿಷ್ಠ ಆರು ತಿಂಗಳು ಕಾಯಬೇಕಾಗುತ್ತಿದ್ದುದರಿಂದ ಪುಸ್ತಕದ ಆಯ್ಕೆಯಲ್ಲಿನ ತಪ್ಪು ದುಬಾರಿಯೇ ಆಗುತ್ತಿತ್ತು.

ಕಾಲದ ಮಿತಿ

ಬೆಳಿಗ್ಗೆ ನಾಲ್ಕು ಗಂಟೆ, ಮಧ್ಯಾಹ್ನ ನಾಲ್ಕು ಗಂಟೆ, ಒಟ್ಟು 80 ಪ್ರಶ್ನೆಗಳು. ಅಂದರೆ ಪ್ರತಿ ಪ್ರಶ್ನೆಗೆ ಸರಾಸರಿ ಆರು ನಿಮಿಷ. ಪ್ರಶ್ನೆಯನ್ನು ಓದಿ ಅರ್ಥಮಾಡಿಕೊಂಡು, ಸೂತ್ರವನ್ನು ಹುಡುಕಿ, ಲೆಕ್ಕ ಮಾಡಿ, ಉತ್ತರವನ್ನು ಗುರುತು ಹಾಕುವುದೆಲ್ಲ ಈ ಆರು ನಿಮಿಷಗಳೊಳಗೆ ಮುಗಿಯಬೇಕು. ಹುಡುಕಾಟಕ್ಕೇ ಮೂರು ನಿಮಿಷ ಹೋದರೆ ಲೆಕ್ಕಕ್ಕೆ ಉಳಿಯುವುದು ಅಲ್ಪ. ತೆರೆದ ಪುಸ್ತಕದ ಪರೀಕ್ಷೆ ಸುಲಭವೆಂಬ ಸಾಮಾನ್ಯ ನಂಬಿಕೆ ಇಲ್ಲಿ ಸಲ್ಲದು. ವಿಷಯವನ್ನು ಅರಿಯದವರಿಗೆ ಪುಸ್ತಕವನ್ನು ಎಲ್ಲಿ ತೆರೆಯಬೇಕೆಂಬುದೇ ತಿಳಿಯುವುದಿಲ್ಲ.

ಪುಸ್ತಕಗಳ ಆಯ್ಕೆ

ಅಭ್ಯರ್ಥಿಗಳು ಗಾಲಿಪೆಟ್ಟಿಗೆಗಳಲ್ಲಿ, ಹಾಲಿನ ಕ್ರೇಟುಗಳಲ್ಲಿ ಇಪ್ಪತ್ತು ಮೂವತ್ತು ಪುಸ್ತಕಗಳನ್ನು ಎಳೆದು ತರುತ್ತಿದ್ದ ದೃಶ್ಯ ಪರೀಕ್ಷಾ ಕೇಂದ್ರಗಳಲ್ಲಿ ಸಾಮಾನ್ಯವಾಗಿತ್ತು. ಅವುಗಳಲ್ಲಿ ಬಹಳಷ್ಟು ಸಂಜೆಯವರೆಗೂ ತೆರೆಯಲ್ಪಡದೆ ಹಿಂದಿರುಗುತ್ತಿದ್ದವು. ಪದವಿಯ ದಿನಗಳ ಪಠ್ಯಪುಸ್ತಕ ಓದಿಗೆ ಒಳ್ಳೆಯದು. ಆದರೆ ಒಂದು ಸೂತ್ರದ ಹಿಂದೆ ಹತ್ತು ಪುಟಗಳ ನಿರೂಪಣೆಯಿರುವ ಗ್ರಂಥವು ಆರು ನಿಮಿಷಗಳ ಲೆಕ್ಕಾಚಾರಕ್ಕೆ ಹೊಂದುವುದಿಲ್ಲ.

ಹೆಚ್ಚಿನವರು ಒಂದೇ ಸಮಗ್ರ ಗ್ರಂಥವನ್ನು ಬೆನ್ನೆಲುಬಾಗಿ ಇಟ್ಟುಕೊಳ್ಳುತ್ತಿದ್ದರು. ಸಿವಿಲ್ ಶಾಖೆಯಲ್ಲಿ ಮೈಕೆಲ್ ಲಿಂಡೆಬರ್ಗ್ ಅವರ 'ಸಿವಿಲ್ ಎಂಜಿನಿಯರಿಂಗ್ ರೆಫರೆನ್ಸ್ ಮ್ಯಾನ್ಯುಯಲ್' ಈ ಸ್ಥಾನವನ್ನು ಪಡೆದಿತ್ತು. ಸಾವಿರಕ್ಕೂ ಹೆಚ್ಚು ಪುಟಗಳ ಈ ಗ್ರಂಥದಲ್ಲಿ ಗಣಿತದಿಂದ ಹಿಡಿದು ಚರಂಡಿ ನೀರಿನ ಶುದ್ಧೀಕರಣದವರೆಗೆ ಸೂತ್ರಗಳು ಹಾಗೂ ಕೋಷ್ಟಕಗಳು ಒಂದೆಡೆ ದೊರೆಯುತ್ತವೆ. ಯಾಂತ್ರಿಕ ಶಾಖೆಗೂ ಅದೇ ಲೇಖಕರ ಗ್ರಂಥವಿದೆ. ಸಿವಿಲ್ ಅಭ್ಯರ್ಥಿಗಳಲ್ಲಿ ಇಂದ್ರನೀಲ್ ಗೋಸ್ವಾಮಿ ಅವರ ಮಾರ್ಗದರ್ಶಿಯೂ ಬಳಕೆಯಲ್ಲಿತ್ತು. ಎರಡನ್ನೂ ಕೊಂಡವರುಂಟು. ಆದರೆ ಪರೀಕ್ಷೆಯ ಹೊತ್ತಿನಲ್ಲಿ ಕೈ ತಾನಾಗಿ ಚಾಚುವುದು ಅಭ್ಯಾಸದ ದಿನಗಳಲ್ಲಿ ಬಳಸಿದ ಪುಸ್ತಕದ ಕಡೆಗೇ. ಹಿಂದಿನ ವಾರ ಕೊಂಡ ಹೊಸ ಪುಸ್ತಕ ಎಷ್ಟೇ ಉತ್ತಮವಾಗಿದ್ದರೂ ಅಪರಿಚಿತವೇ.

ಸಮಗ್ರ ಗ್ರಂಥದ ಸುತ್ತ ಶಾಖೆಗೆ ತಕ್ಕ ಸಂಹಿತೆಗಳು ಸೇರುತ್ತಿದ್ದವು. ಕಟ್ಟಡ ರಚನೆಯವರಿಗೆ ಉಕ್ಕಿನ ಎಐಎಸ್‌ಸಿ ಕೈಪಿಡಿ, ಕಾಂಕ್ರೀಟಿನ ಎಸಿಐ 318, ಭಾರಗಳ ಎಎಸ್‌ಸಿಇ 7; ರಸ್ತೆ ಸಾರಿಗೆಯವರಿಗೆ ಆಶ್ಟೋ ಸಂಸ್ಥೆಯ 'ಹಸಿರು ಪುಸ್ತಕ' ಮತ್ತು ಹೆದ್ದಾರಿ ಸಾಮರ್ಥ್ಯದ ಕೈಪಿಡಿ; ವಿದ್ಯುತ್ ಶಕ್ತಿಯವರಿಗೆ ರಾಷ್ಟ್ರೀಯ ವಿದ್ಯುತ್ ಸಂಹಿತೆ. ರಾಸಾಯನಿಕ ಶಾಖೆಯವರು ಪೆರಿಯವರ ಬೃಹತ್ ಕೈಪಿಡಿಯನ್ನು ಬಿಡುತ್ತಿರಲಿಲ್ಲ. ಇವುಗಳ ಬೆಲೆ ಕಡಿಮೆಯೇನಲ್ಲ. ಕಚೇರಿಯಿಂದ ಎರವಲು ಪಡೆಯುವುದು ರೂಢಿಯಲ್ಲಿತ್ತು; ಎರವಲು ಪುಸ್ತಕದಲ್ಲಿ ಗುರುತು ಮಾಡಿಕೊಳ್ಳುವಂತಿರಲಿಲ್ಲ ಎಂಬುದು ಅದರ ಕೊರತೆ.

ಮಾನಪದ್ಧತಿಯೂ ಗಮನಾರ್ಹ. ಅಮೆರಿಕದ ವೃತ್ತಿಯಲ್ಲಿ ಅಡಿ, ಪೌಂಡ್, ಕಿಪ್, ಗ್ಯಾಲನ್‌ಗಳು ಇಂದಿಗೂ ಬಳಕೆಯಲ್ಲಿವೆ. ಮೀಟರ್ ಮತ್ತು ನ್ಯೂಟನ್‌ಗಳಲ್ಲಿ ಕಲಿತು ಭಾರತದಿಂದ ಅಲ್ಲಿಗೆ ಹೋದ ಎಂಜಿನಿಯರ್ ತನ್ನ ಹಳೆಯ ಪಠ್ಯಪುಸ್ತಕವನ್ನೇ ನೆಚ್ಚಿದರೆ ಪ್ರತಿ ಲೆಕ್ಕದಲ್ಲೂ ಪರಿವರ್ತನೆ ಮಾಡಬೇಕಾಗುತ್ತದೆ. ಅದರಲ್ಲೂ ರಾಶಿಯ ಪೌಂಡ್ ಬೇರೆ, ಬಲದ ಪೌಂಡ್ ಬೇರೆ ಎಂಬ ವ್ಯತ್ಯಾಸವನ್ನು ಮರೆತರೆ ಉತ್ತರ ಮೂವತ್ತೆರಡು ಪಟ್ಟು ತಪ್ಪಬಹುದು.

ಆವೃತ್ತಿಯ ಪ್ರಶ್ನೆ

ಆಯ್ಕೆಯಲ್ಲಿ ಅತ್ಯಂತ ಎಚ್ಚರ ಬೇಕಾದದ್ದು ಆವೃತ್ತಿಯ ವಿಷಯದಲ್ಲಿ. ಯಾವ ಸಂಹಿತೆಯ ಯಾವ ಆವೃತ್ತಿಯನ್ನು ಆಧರಿಸಿ ಪ್ರಶ್ನೆಗಳಿರುತ್ತವೆ ಎಂಬ ಪಟ್ಟಿಯನ್ನು ಪರಿಷತ್ತು ಮುಂಚಿತವಾಗಿ ಪ್ರಕಟಿಸುತ್ತದೆ. ಬೇರೆ ಆವೃತ್ತಿಯ ಆಧಾರದಿಂದ ಬಂದ ಉತ್ತರಕ್ಕೆ ಅಂಕವಿಲ್ಲ. ಮಾರುಕಟ್ಟೆಯಲ್ಲಿರುವ ಅತಿ ಹೊಸ ಆವೃತ್ತಿಯೇ ಪಟ್ಟಿಯಲ್ಲಿ ಇರಬೇಕೆಂದೇನೂ ಇಲ್ಲ. ಎಸಿಐ 318ರ 2014ರ ಆವೃತ್ತಿಯು ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಅಧ್ಯಾಯಗಳ ಕ್ರಮವನ್ನೇ ಬದಲಾಯಿಸಿ, ತೊಲೆ, ಕಂಬ, ಚಪ್ಪಡಿ ಎಂಬ ಅಂಗಗಳಿಗೆ ಅನುಗುಣವಾಗಿ ಮರುಜೋಡಿಸಲಾಯಿತು. 2011ರ ಆವೃತ್ತಿಯ ಕಲಮುಗಳನ್ನು ಬಾಯಿಪಾಠ ಮಾಡಿಕೊಂಡಿದ್ದವರು ಎಲ್ಲವನ್ನೂ ಹೊಸದಾಗಿ ಹುಡುಕಬೇಕಾಯಿತು. ಉಕ್ಕಿನ ಕೈಪಿಡಿಯಲ್ಲಿಯೂ 2005ರ 13ನೆಯ ಆವೃತ್ತಿಯಿಂದ ಎರಡು ವಿನ್ಯಾಸ ಪದ್ಧತಿಗಳು ಒಂದೇ ಸಂಪುಟಕ್ಕೆ ಬಂದವು. ಅದಕ್ಕಿಂತ ಹಳೆಯ ಪ್ರತಿಯನ್ನು ಅಗ್ಗವೆಂದು ಕೊಂಡವರಿಗೆ ಉಳಿತಾಯವೇನೂ ಆಗುತ್ತಿರಲಿಲ್ಲ.

ಸೂಚಿ ಮತ್ತು ಗುರುತು

ಪರಾಮರ್ಶನ ಗ್ರಂಥದ ಬೆಲೆಯಿರುವುದು ಅದರ ಅಕಾರಾದಿ ಸೂಚಿಯಲ್ಲಿ ಎಂಬ ಮಾತು ಈ ಪರೀಕ್ಷೆಗೆ ಚೆನ್ನಾಗಿ ಹೊಂದುತ್ತದೆ. ಲಿಂಡೆಬರ್ಗ್ ಗ್ರಂಥದ ಸೂಚಿಯನ್ನು ಬೇರೆಯಾಗಿ ಮುದ್ರಿಸಿ ಹೊಲಿಸಿ ಇಟ್ಟುಕೊಂಡರೆ, ದಪ್ಪ ಪುಸ್ತಕವನ್ನು ಹಿಂದೆ ಮುಂದೆ ಮಗುಚುವುದು ತಪ್ಪುತ್ತಿತ್ತು. ಈ ಉಪಾಯವನ್ನು ಅನೇಕರು ಅನುಸರಿಸಿದರು. ಅಂಚಿನಲ್ಲಿ ಬಣ್ಣದ ಚೀಟಿಗಳನ್ನು ಅಂಟಿಸುವುದೂ ಉಂಟು. ಆದರೆ ಪ್ರತಿ ಪುಟಕ್ಕೂ ಚೀಟಿ ಅಂಟಿಸಿದರೆ ಅದು ಚೀಟಿಯೇ ಇಲ್ಲದ ಪುಸ್ತಕಕ್ಕೆ ಸಮ.

ಬಿಡಿ ಹಾಳೆಗಳಿಗೆ ಅವಕಾಶವಿರಲಿಲ್ಲ. ಸ್ವಂತ ಟಿಪ್ಪಣಿಗಳಾದರೂ ಹೊಲಿದ ಅಥವಾ ಉಂಗುರದ ಕಡತದಲ್ಲಿ ಬಿಗಿಯಾಗಿ ಸೇರಿರಬೇಕಿತ್ತು. ಪರೀಕ್ಷೆ ನಡೆಯುವಾಗ ಪುಸ್ತಕದಲ್ಲಿ ಬರೆಯುವುದು ನಿಷಿದ್ಧ. ಪ್ರಶ್ನೆಗಳನ್ನು ನಕಲು ಮಾಡಿಕೊಂಡು ಹೊರಗೆ ಒಯ್ಯದಂತೆ ತಡೆಯುವುದು ಇದರ ಉದ್ದೇಶ. ಕೆಲವು ರಾಜ್ಯಗಳ ಮಂಡಳಿಗಳು ಇನ್ನೂ ಕಟ್ಟುನಿಟ್ಟಾದ ನಿಯಮಗಳನ್ನು ಹೊಂದಿದ್ದುದರಿಂದ, ಪರೀಕ್ಷೆ ಬರೆಯುವ ರಾಜ್ಯದ ನಿಯಮಗಳನ್ನು ಮೊದಲೇ ಓದಿಕೊಳ್ಳುವುದು ಅವಶ್ಯವಾಗಿತ್ತು.

ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಬಗೆಯ ಪರೀಕ್ಷೆ ಪೂರ್ತಿ ಅಪರಿಚಿತವಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಯಂತ್ರ ವಿನ್ಯಾಸದ ಪರೀಕ್ಷೆಗಳಲ್ಲಿ ದತ್ತಾಂಶ ಕೈಪಿಡಿಯನ್ನು ಬಳಸಲು ಅನುಮತಿಯಿದೆ. ಕೆ. ಲಿಂಗಯ್ಯ ಅವರ ಕೈಪಿಡಿ, ಮಹದೇವನ್ ಮತ್ತು ಬಾಲವೀರ ರೆಡ್ಡಿ ಅವರ ಕೈಪಿಡಿ ಇವುಗಳನ್ನು ಬಳಸಿ ಬರೆದವರಿಗೆ, ಕೋಷ್ಟಕ ಎಲ್ಲಿದೆ ಎಂಬುದನ್ನು ಅರಿತಿರುವುದರ ಬೆಲೆ ಗೊತ್ತು.

ಗಣಕಯಂತ್ರದ ಪರೀಕ್ಷೆ

ಎಫ್.ಇ. ಪರೀಕ್ಷೆ 2014ರಲ್ಲಿಯೇ ಗಣಕಯಂತ್ರಕ್ಕೆ ಬಂದಿತ್ತು. ಪಿ.ಇ. ಪರೀಕ್ಷೆಗಳಲ್ಲಿ ರಾಸಾಯನಿಕ ಶಾಖೆ 2018ರಲ್ಲಿ, ಪರಿಸರ ಶಾಖೆ 2019ರಲ್ಲಿ ಬದಲಾದವು. ಅತಿ ಹೆಚ್ಚು ಅಭ್ಯರ್ಥಿಗಳಿರುವ ಸಿವಿಲ್ ಶಾಖೆಯ ಕೊನೆಯ ಕಾಗದದ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್‌ನಲ್ಲಿ. ಈಗ ಅನುಮೋದಿತ ಗಣಕವನ್ನು ಒಯ್ಯಬಹುದೇ ಹೊರತು ಪುಸ್ತಕಗಳನ್ನಲ್ಲ. ಪರಿಷತ್ತಿನ ಸ್ವಂತ ಪರಾಮರ್ಶನ ಕೈಪಿಡಿಯು ಪರದೆಯ ಮೇಲೆ ದೊರೆಯುತ್ತದೆ. ಅದರಲ್ಲಿ ಪದವನ್ನು ಟೈಪಿಸಿ ಹುಡುಕಬಹುದು. ಸಂಹಿತೆಗಳು ಅಗತ್ಯವಿರುವ ಶಾಖೆಗಳಲ್ಲಿ ಅವುಗಳನ್ನೂ ಒದಗಿಸಲಾಗುತ್ತದೆ; ಆದರೆ ಅಧ್ಯಾಯಗಳಾಗಿ ವಿಂಗಡಿಸಿ, ಒಮ್ಮೆಗೆ ಒಂದೇ ಅಧ್ಯಾಯವನ್ನು ತೆರೆದು ಹುಡುಕುವಂತೆ. ಆದ್ದರಿಂದ ಯಾವ ಸಂಗತಿ ಯಾವ ಅಧ್ಯಾಯದಲ್ಲಿದೆ ಎಂಬ ತಿಳಿವಳಿಕೆ ಈಗಲೂ ಬೇಕು.

ಸಿದ್ಧತೆಯ ಗ್ರಂಥಗಳ ಆಯ್ಕೆಯ ಅಳತೆಗೋಲೂ ಇದರಿಂದ ಬದಲಾಗಿದೆ. ಪರಿಷತ್ತಿನ ಕೈಪಿಡಿಯನ್ನು ಜಾಲತಾಣದಿಂದ ಶುಲ್ಕವಿಲ್ಲದೆ ಇಳಿಸಿಕೊಳ್ಳಬಹುದು. ಅದರಲ್ಲಿರುವ ಸೂತ್ರಗಳ ಸಂಕೇತಗಳು ಇತರ ಗ್ರಂಥಗಳ ಸಂಕೇತಗಳಿಂದ ಕೆಲವೆಡೆ ಭಿನ್ನವಾಗಿರುವುದರಿಂದ, ಅಭ್ಯಾಸದ ಲೆಕ್ಕಗಳನ್ನು ಮೊದಲಿನಿಂದಲೂ ಅದನ್ನೇ ಪರದೆಯ ಮೇಲೆ ತೆರೆದಿಟ್ಟುಕೊಂಡು ಮಾಡುವುದು ಅನುಕೂಲ. ಸಮಗ್ರ ಗ್ರಂಥಗಳು ಈಗ ವಿಷಯವನ್ನು ಕಲಿಯಲು ಮಾತ್ರ ಉಪಯುಕ್ತವಾಗಿವೆ.