ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಬೇಕಾ? ಮೊದಲು ಪೆನ್‌ಡ್ರೈವ್‌ನಲ್ಲೇ ಓಡಿಸಿ ನೋಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿಪಿಎಂ 2.0 ಸೌಲಭ್ಯವಿಲ್ಲದ ಹಳೆಯ ಲ್ಯಾಪ್‌ಟಾಪ್‌ಗಳು ವಿಂಡೋಸ್ 11ಕ್ಕೆ ಅರ್ಹವಲ್ಲ. ಹಾಗೆಂದು ಚೆನ್ನಾಗಿರುವ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಬೇಕಿಲ್ಲ. ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹೊಸಬರಿಗೂ ಸುಲಭ. ಆದರೆ ಅವಸರದ ಒಂದು ಕ್ಲಿಕ್ ವರ್ಷಗಳ ಫೋಟೊ, ದಾಖಲೆಗಳನ್ನು ಅಳಿಸಿಬಿಡಬಹುದು.

ಮೊದಲ ಕೆಲಸ ಬ್ಯಾಕಪ್
ಮುಖ್ಯ ಫೈಲ್‌ಗಳನ್ನು ಬೇರೊಂದು ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ತೆರೆದು ಪರೀಕ್ಷಿಸಿ. ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಆ ಫಾಂಟ್ ಇಲ್ಲದ ಕಡೆ ಕನ್ನಡದ ಬದಲು ಅರ್ಥವಾಗದ ಚಿಹ್ನೆಗಳು ಕಾಣಿಸುತ್ತವೆ.

ಪೆನ್‌ಡ್ರೈವ್ ತಯಾರಿ
ಲಿನಕ್ಸ್ ಮಿಂಟ್‌ನ ಅಧಿಕೃತ ತಾಣದಿಂದ ಐಎಸ್‌ಒ ಫೈಲ್ ಇಳಿಸಿಕೊಳ್ಳಿ. 8 ಜಿಬಿಯ ಪೆನ್‌ಡ್ರೈವ್ ಸಾಕು. ಫೈಲನ್ನು ಸುಮ್ಮನೆ ಕಾಪಿ ಮಾಡಿದರೆ ಆಗದು, ರೂಫಸ್‌ನಂಥ ತಂತ್ರಾಂಶದಿಂದ ಬರೆಯಬೇಕು. ಆಗ ಪೆನ್‌ಡ್ರೈವ್‌ನಲ್ಲಿದ್ದ ಎಲ್ಲವೂ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

ಹಾಕುವ ಮುನ್ನ ಪರೀಕ್ಷೆ
ಲ್ಯಾಪ್‌ಟಾಪ್ ಆನ್ ಮಾಡುವಾಗ ಬೂಟ್ ಮೆನು ತೆರೆದು ಪೆನ್‌ಡ್ರೈವ್ ಆರಿಸಿ. ಇದರ ಕೀ ಕಂಪನಿಯಿಂದ ಕಂಪನಿಗೆ ಬೇರೆ. ಎಫ್12, ಎಫ್9 ಅಥವಾ ಎಸ್ಕೇಪ್ ಇರಬಹುದು. ಈಗ ಮಿಂಟ್ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ, ವಿಂಡೋಸ್ ಹಾಗೆಯೇ ಇರುತ್ತದೆ. ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್ ಎಲ್ಲವನ್ನೂ ಪರೀಕ್ಷಿಸಿ. ಸ್ವಲ್ಪ ನಿಧಾನ ಎನಿಸಿದರೆ ಅದು ಪೆನ್‌ಡ್ರೈವ್‌ನ ಮಿತಿ. ಇಷ್ಟವಾಗದಿದ್ದರೆ ಶಟ್‌ಡೌನ್ ಮಾಡಿ ಪೆನ್‌ಡ್ರೈವ್ ತೆಗೆದರಾಯಿತು.

ಎಚ್ಚರ ಬೇಕಾದ ಪರದೆ
ಇನ್‌ಸ್ಟಾಲ್ ಒತ್ತಿದ ಮೇಲೆ ಭಾಷೆ, ಕೀಬೋರ್ಡ್ ಆಯ್ಕೆ ಸುಲಭ. ನಂತರ ಬರುವ ಡಿಸ್ಕ್ ಆಯ್ಕೆಯ ಪರದೆಯೇ ನಿರ್ಣಾಯಕ. 'ಇನ್‌ಸ್ಟಾಲ್ ಅಲಾಂಗ್‌ಸೈಡ್' ಎಂದರೆ ವಿಂಡೋಸ್ ಜೊತೆಗೇ ಲಿನಕ್ಸ್. ಬಿಟ್‌ಲಾಕರ್ ಇದ್ದವರು ಇದಕ್ಕೆ ಮುನ್ನ ಅದನ್ನು ಆಫ್ ಮಾಡಿರಬೇಕು. 'ಇರೇಸ್ ಡಿಸ್ಕ್' ಎಂದರೆ ಡಿಸ್ಕ್‌ನಲ್ಲಿರುವುದೆಲ್ಲ ಖಾಲಿ. ಅರ್ಥವಾಗದಿದ್ದರೆ ಅಲ್ಲಿಗೇ ನಿಲ್ಲಿಸಿ ಹೊರಬನ್ನಿ.

ಎಷ್ಟು ಸಾಮರ್ಥ್ಯ ಬೇಕು?
ಕನಿಷ್ಠ 2 ಜಿಬಿ ರ್‍ಯಾಮ್, 20 ಜಿಬಿ ಜಾಗ ಬೇಕು. 4 ಜಿಬಿ ರ್‍ಯಾಮ್, 100 ಜಿಬಿ ಜಾಗ ಇದ್ದರೆ ಆರಾಮ.

ಕನ್ನಡ ಟೈಪಿಂಗ್
ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿಕೊಳ್ಳಬಹುದು. ನುಡಿಯಲ್ಲಿ ರೂಢಿಯಾದವರಿಗೆ ಹತ್ತಿರವಾಗುವ ಕಗಪ ವಿನ್ಯಾಸವೂ ಅಲ್ಲಿದೆ. ಬರವಣಿಗೆಗೆ ಲಿಬ್ರೆ ಆಫೀಸ್, ಇಂಟರ್‌ನೆಟ್‌ಗೆ ಫೈರ್‌ಫಾಕ್ಸ್ ಮೊದಲೇ ಇರುತ್ತವೆ. ಆದರೆ ಫೋಟೊಶಾಪ್ ಲಿನಕ್ಸ್‌ಗೆ ಲಭ್ಯವಿಲ್ಲ. ಅಂಥ ತಂತ್ರಾಂಶವೇ ನಿಮ್ಮ ಹೊಟ್ಟೆಪಾಡಾಗಿದ್ದರೆ ವಿಂಡೋಸ್ ತೆಗೆಯುವ ಮುನ್ನ ಮತ್ತೊಮ್ಮೆ ಯೋಚಿಸಿ.