ಫುಟ್‌ಬಾಲ್ ಅಂಗಳದಲ್ಲಿ ಮದ್ದಿನ ನೆರಳು: ಸಂಶಯ ಎಷ್ಟು, ಸಾಕ್ಷ್ಯ ಎಷ್ಟು?

ಪಿರಿಯಾಪಟ್ಟಣ: ಮೈಸೂರು-ಮಡಿಕೇರಿ ಹೆದ್ದಾರಿಯಲ್ಲಿ ಪಿರಿಯಾಪಟ್ಟಣ ದಾಟಿ ಕುಶಾಲನಗರದತ್ತ ಸಾಗುವವರಿಗೆ ಬೈಲಕುಪ್ಪೆ ಎದುರಾಗುತ್ತದೆ. 1960ರ ದಶಕದ ಆರಂಭದಲ್ಲಿ ಟಿಬೆಟನ್ ನಿರಾಶ್ರಿತರಿಗಾಗಿ ರೂಪುಗೊಂಡ ಈ ನೆಲೆಯಲ್ಲಿ ಫುಟ್‌ಬಾಲ್ ಎಂದರೆ ಅಚ್ಚುಮೆಚ್ಚು. ಕ್ರಿಕೆಟ್ಟಿನ ಅಬ್ಬರದ ನಡುವೆಯೂ ತಾಲ್ಲೂಕಿನಲ್ಲಿ ಕಾಲ್ಚೆಂಡಿನ ಸದ್ದು ಕೇಳಿಬರುವ ಜಾಗವಿದು. ಉದ್ದೀಪನ ಮದ್ದಿನ ಮಾತು ಇಂಥ ಮೈದಾನಗಳದ್ದಲ್ಲ. ಆದರೆ ಇಲ್ಲಿಂದ ಅಥವಾ ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಯಿಂದ ಒಬ್ಬ ಹುಡುಗ ಮೈಸೂರಿನ ತರಬೇತಿ ಕೇಂದ್ರಕ್ಕೂ ಅಲ್ಲಿಂದ ಬೆಂಗಳೂರಿನ ಕ್ಲಬ್ಬೊಂದರ ಆಯ್ಕೆ ಶಿಬಿರಕ್ಕೂ ಹೋದನೆಂದರೆ, ಆತ ಪ್ರವೇಶಿಸುವುದು ಮೂತ್ರದ ಮಾದರಿಯೂ ರಕ್ತದ ಮಾದರಿಯೂ ಆಟದಷ್ಟೇ ಮುಖ್ಯವಾದ ಲೋಕವನ್ನು.

ಆ ಲೋಕದ ಬಗ್ಗೆ ಹಳೆಯದೊಂದು ಸಂಶಯವಿದೆ. ಸೈಕ್ಲಿಂಗ್, ಅಥ್ಲೆಟಿಕ್ಸ್, ವೇಯ್ಟ್‌ಲಿಫ್ಟಿಂಗ್‌ಗಳಲ್ಲಿ ಸಾಲುಸಾಲಾಗಿ ಸಿಕ್ಕಿಬೀಳುವವರಿದ್ದಾರೆ. ಜಗತ್ತಿನಲ್ಲೇ ಅತಿ ಹೆಚ್ಚು ಹಣ ಹರಿದಾಡುವ ಫುಟ್‌ಬಾಲ್‌ನಲ್ಲಿ ಮಾತ್ರ ಅಂಥವರು ವಿರಳ. ಈ ಆಟ ನಿಜಕ್ಕೂ ಅಷ್ಟು ಶುದ್ಧವೇ ಅಥವಾ ಹುಡುಕುವ ಕೆಲಸವೇ ಸರಿಯಾಗಿ ನಡೆಯುತ್ತಿಲ್ಲವೇ ಎಂಬುದು ಪ್ರಶ್ನೆ.

ಮದ್ದಿನಿಂದ ಲಾಭವೇನು?

ಫುಟ್‌ಬಾಲ್ ಕೌಶಲದ ಆಟ, ಚೆಂಡನ್ನು ಗುರಿಗೆ ಒದೆಯುವುದನ್ನು ಯಾವ ಮಾತ್ರೆಯೂ ಕಲಿಸಲಾರದು ಎಂಬುದು ಆಟದ ಆಡಳಿತಗಾರರು ಬಹುಕಾಲ ಹೇಳುತ್ತ ಬಂದ ವಾದ. ಇದು ಅರ್ಧ ಸತ್ಯ ಮಾತ್ರ. ಮಧ್ಯಮ ಪಂಕ್ತಿಯ ಆಟಗಾರನೊಬ್ಬ ಒಂದು ಪಂದ್ಯದಲ್ಲಿ 10ರಿಂದ 12 ಕಿಲೋಮೀಟರ್ ಓಡುತ್ತಾನೆ. ಯುರೋಪಿನ ದೊಡ್ಡ ಕ್ಲಬ್ಬುಗಳ ಆಟಗಾರರು ಒಂದು ಋತುವಿನಲ್ಲಿ 50ಕ್ಕೂ ಹೆಚ್ಚು ಪಂದ್ಯ ಆಡಬೇಕಾಗುತ್ತದೆ. 85ನೇ ನಿಮಿಷದಲ್ಲಿ ಕಾಲು ಸೋಲದವನು ಕೌಶಲದಲ್ಲಿ ತನ್ನನ್ನು ಮೀರಿಸಿದವನನ್ನೂ ಹಿಂದಿಕ್ಕಬಲ್ಲ.

ಮದ್ದು ಪ್ರವೇಶಿಸುವುದು ಇಲ್ಲಿಯೇ. ಎರಿತ್ರೊಪೊಯೆಟಿನ್ (ಇಪಿಒ) ಎಂಬ ಹಾರ್ಮೋನು ಕೆಂಪು ರಕ್ತಕಣಗಳನ್ನು ಹೆಚ್ಚಿಸಿ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ತಲುಪಿಸುತ್ತದೆ. ಅನಾಬೊಲಿಕ್ ಸ್ಟೀರಾಯ್ಡ್‌ಗಳು ಬಲ ಹೆಚ್ಚಿಸುವುದರ ಜೊತೆಗೆ ದಣಿದ ದೇಹ ಬೇಗ ಚೇತರಿಸಿಕೊಳ್ಳಲು ನೆರವಾಗುತ್ತವೆ. ಎಫೆಡ್ರಿನ್‌ನಂಥ ಉತ್ತೇಜಕಗಳು ಆಯಾಸವನ್ನು ಮರೆಸುತ್ತವೆ. ಮೂತ್ರ ಹೆಚ್ಚಿಸುವ ಔಷಧಗಳು ಬಲ ಕೊಡುವುದಿಲ್ಲ; ಆದರೆ ಮೂತ್ರವನ್ನು ತೆಳುವಾಗಿಸಿ ಬೇರೆ ಮದ್ದಿನ ಸುಳಿವು ಅಳಿಸಬಲ್ಲವು ಎಂಬ ಕಾರಣಕ್ಕೆ ಅವೂ ನಿಷೇಧಿತ ಪಟ್ಟಿಯಲ್ಲಿವೆ.

ಸಂಶಯದ ಹಳೆಯ ಹಾದಿ

ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಮದ್ದು ಪರೀಕ್ಷೆ ಆರಂಭವಾದದ್ದು 1966ರಲ್ಲಿ. 1974ರಲ್ಲಿ ಹೈಟಿಯ ಅರ್ನ್ಸ್ಟ್ ಜಾನ್ ಜೋಸೆಫ್, 1978ರಲ್ಲಿ ಸ್ಕಾಟ್ಲೆಂಡ್‌ನ ವಿಲ್ಲಿ ಜಾನ್‌ಸ್ಟನ್ ಸಿಕ್ಕಿಬಿದ್ದರು. 1994ರಲ್ಲಿ ಅಮೆರಿಕದಲ್ಲಿ ನಡೆದ ಕೂಟದಿಂದ ಅರ್ಜೆಂಟೀನಾದ ಡಿಯಾಗೊ ಮರಡೋನಾ ಎಫೆಡ್ರಿನ್ ಸೇವನೆಗಾಗಿ ಹೊರಬಿದ್ದಾಗ ಇಡೀ ಜಗತ್ತು ಬೆಚ್ಚಿತು.

ಆದರೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಿಗಿಂತ ಗಂಭೀರವಾದ ಪ್ರಕರಣ ಹೊರಬಂದದ್ದು ಇಟಲಿಯಲ್ಲಿ. 1998ರಲ್ಲಿ ತರಬೇತುದಾರ ಜೆನೆಕ್ ಝೆಮಾನ್, ಇಟಲಿಯ ಫುಟ್‌ಬಾಲ್ ಔಷಧದಂಗಡಿಯಿಂದ ಹೊರಬರಬೇಕಿದೆ ಎಂಬ ಅರ್ಥದ ಮಾತನ್ನಾಡಿದರು. ಟ್ಯೂರಿನ್‌ನ ಪ್ರಾಸಿಕ್ಯೂಟರ್ ತನಿಖೆಗೆ ಇಳಿದಾಗ ಯುವೆಂಟಸ್ ಕ್ಲಬ್ಬಿನಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಯ ಔಷಧಗಳು ಪತ್ತೆಯಾದವು. 2004ರಲ್ಲಿ ಕ್ಲಬ್ಬಿನ ವೈದ್ಯ ರಿಕಾರ್ಡೊ ಅಗ್ರಿಕೋಲಾ ಅವರಿಗೆ ಶಿಕ್ಷೆಯಾಯಿತು. 2005ರಲ್ಲಿ ಮೇಲ್ಮನವಿಯಲ್ಲಿ ಅವರು ಖುಲಾಸೆಗೊಂಡರು. 2007ರಲ್ಲಿ ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ ಪ್ರಕರಣದ ಕಾಲಮಿತಿಯೇ ಮುಗಿದಿತ್ತು. ಸಂಶಯ ಉಳಿಯಿತು, ಅಂತಿಮ ತೀರ್ಪು ಉಳಿಯಲಿಲ್ಲ.

ಅದೇ 1998ರಲ್ಲಿ ಹೊರಬಿದ್ದ ಮತ್ತೊಂದು ಸಂಗತಿ ಇನ್ನೂ ಕಹಿಯಾದದ್ದು. ಫುಟ್‌ಬಾಲ್ ಆಟಗಾರರ ಮಾದರಿಗಳನ್ನು ಪರೀಕ್ಷಿಸುತ್ತಿದ್ದ ರೋಮ್‌ನ ಪ್ರಯೋಗಾಲಯದಲ್ಲಿ ಅವುಗಳನ್ನು ಅನಾಬೊಲಿಕ್ ಸ್ಟೀರಾಯ್ಡ್‌ಗಾಗಿ ಪರೀಕ್ಷಿಸುವ ಪದ್ಧತಿಯೇ ಇರಲಿಲ್ಲ. ಪ್ರಯೋಗಾಲಯ ಮಾನ್ಯತೆ ಕಳೆದುಕೊಂಡಿತು. ಯಾರೂ ಸಿಕ್ಕಿಬಿದ್ದಿಲ್ಲ ಎಂಬ ಹೆಮ್ಮೆಯ ಬುಡದಲ್ಲಿ ಯಾರನ್ನೂ ಹುಡುಕಿಲ್ಲ ಎಂಬ ಸತ್ಯ ಅಡಗಿರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

2006ರಲ್ಲಿ ಸ್ಪೇನ್ ಪೊಲೀಸರು ವೈದ್ಯ ಯುಫೆಮಿಯಾನೊ ಫುವೆಂಟೆಸ್ ಅವರ ಜಾಲವನ್ನು ಭೇದಿಸಿ ರಕ್ತದ ಚೀಲಗಳನ್ನು ವಶಪಡಿಸಿಕೊಂಡರು. ತಮ್ಮ ಬಳಿಗೆ ಬರುತ್ತಿದ್ದವರಲ್ಲಿ ಫುಟ್‌ಬಾಲ್ ಆಟಗಾರರೂ ಇದ್ದರೆಂದು 2013ರಲ್ಲಿ ಅವರು ನ್ಯಾಯಾಲಯದಲ್ಲಿ ಹೇಳಿದರು. ಆದರೆ ಶಿಕ್ಷೆಯ ಹಂತ ತಲುಪಿದ ಹೆಸರುಗಳು ಸೈಕ್ಲಿಂಗ್ ಪಟುಗಳವು, ಫುಟ್‌ಬಾಲ್ ಆಟಗಾರರವಲ್ಲ.

ಪರೀಕ್ಷೆಯ ಬಲೆಯಲ್ಲಿ ತೂತುಗಳು

ಸಿಕ್ಕಿಬೀಳುವವರು ಕಡಿಮೆ ಏಕೆ ಎಂಬುದಕ್ಕೆ ಪಿತೂರಿಯನ್ನೇ ಊಹಿಸಬೇಕಾಗಿಲ್ಲ. ಓಟದಲ್ಲಿ ಗೆದ್ದ ಮೂವರನ್ನು ಪರೀಕ್ಷಿಸಿದರೆ ಸ್ಪರ್ಧೆಯ ತಿರುಳನ್ನೇ ಪರೀಕ್ಷಿಸಿದಂತೆ. ಫುಟ್‌ಬಾಲ್‌ನಲ್ಲಿ ಪಂದ್ಯದ ನಂತರ ಚೀಟಿ ಎತ್ತಿ ತಂಡದಿಂದ ಒಬ್ಬಿಬ್ಬರನ್ನು ಕರೆಯುವುದು ರೂಢಿ. ಉಳಿದವರು ಆ ದಿನದ ಮಟ್ಟಿಗೆ ಪಾರು. ಇಪಿಒದಂಥ ಮದ್ದು ದೇಹದಲ್ಲಿ ಪತ್ತೆಗೆ ಸಿಗುವ ಅವಧಿ ಅಲ್ಪ. ಅದರ ಲಾಭ ಉಳಿಯುವ ಅವಧಿ ದೀರ್ಘ. ಹೀಗಾಗಿ ಪಂದ್ಯದ ದಿನದ ಪರೀಕ್ಷೆ ಎಚ್ಚರಿಕೆಯಿಂದ ಮದ್ದು ಸೇವಿಸುವವನನ್ನು ಹಿಡಿಯುವುದು ಕಷ್ಟ. ಅಭ್ಯಾಸದ ದಿನಗಳಲ್ಲಿ ಮುನ್ಸೂಚನೆಯಿಲ್ಲದೆ ಬಂದು ಮಾದರಿ ಪಡೆಯುವುದೇ ಪರಿಣಾಮಕಾರಿ. ಅದು ದುಬಾರಿ ಕೆಲಸವೂ ಹೌದು.

ಒಬ್ಬ ಆಟಗಾರನ ರಕ್ತದ ಅಂಕಿಗಳನ್ನು ವರ್ಷಗಟ್ಟಲೆ ದಾಖಲಿಸಿ ಏರುಪೇರು ಗಮನಿಸುವ 'ಜೈವಿಕ ಪಾಸ್‌ಪೋರ್ಟ್' ಪದ್ಧತಿಯನ್ನು ಫಿಫಾ 2014ರ ವಿಶ್ವಕಪ್‌ನಲ್ಲಿ ಅಳವಡಿಸಿಕೊಂಡಿತು. ಸೈಕ್ಲಿಂಗ್ ಆ ಹಾದಿ ಹಿಡಿದು ಆಗಲೇ ಕೆಲ ವರ್ಷಗಳಾಗಿದ್ದವು.

ಆದ್ದರಿಂದ ಸಂಶಯಕ್ಕೆ ಆಧಾರವಿಲ್ಲವೆನ್ನಲಾಗದು. ಹಾಗೆಂದು ವೇಗವಾಗಿ ಓಡಿದ ಪ್ರತಿಯೊಬ್ಬನನ್ನೂ ಅಪರಾಧಿಯೆಂದು ಕಾಣುವುದೂ ನ್ಯಾಯವಲ್ಲ. 2001ರಲ್ಲಿ ಇಟಲಿಯ ಬ್ರೆಷಾ ತಂಡದಲ್ಲಿದ್ದ ಪೆಪ್ ಗಾರ್ಡಿಯೋಲಾ ಅವರ ಮಾದರಿಯಲ್ಲಿ ನ್ಯಾಂಡ್ರೊಲೋನ್ ಪತ್ತೆಯಾಗಿ ನಾಲ್ಕು ತಿಂಗಳ ನಿಷೇಧ ವಿಧಿಸಲಾಯಿತು. ಅವರು ಪಟ್ಟು ಬಿಡದೆ ಹೋರಾಡಿದರು. ನ್ಯಾಯಾಲಯ ದೋಷಮುಕ್ತಗೊಳಿಸುವಷ್ಟರಲ್ಲಿ 2007 ಬಂದಿತ್ತು. ಆಟಗಾರನಾಗಿ ಅವರ ದಿನಗಳು ಮುಗಿದಿದ್ದವು.

ಉದ್ದೇಶವಿರಲಿಲ್ಲ ಎಂದರೆ ಸಾಕೇ?

ಇತ್ತೀಚಿನ ವರ್ಷಗಳ ಪ್ರಕರಣಗಳನ್ನು ಗಮನಿಸಿದರೆ ಒಂದು ಸಾಮ್ಯ ಎದ್ದು ಕಾಣುತ್ತದೆ. ಕ್ಯಾಮರೂನ್‌ನ ಗೋಲ್‌ಕೀಪರ್ ಆಂಡ್ರೆ ಒನಾನಾ ಪತ್ನಿಯ ಔಷಧವನ್ನು ತಮ್ಮದೆಂದು ತಪ್ಪಾಗಿ ಸೇವಿಸಿದ್ದಾಗಿ ಹೇಳಿದರು. 2021ರಲ್ಲಿ ವಿಧಿಸಿದ ಒಂದು ವರ್ಷದ ನಿಷೇಧವನ್ನು ಕ್ರೀಡಾ ನ್ಯಾಯ ಮಂಡಳಿ ಒಂಬತ್ತು ತಿಂಗಳಿಗೆ ಇಳಿಸಿತೇ ಹೊರತು ರದ್ದುಪಡಿಸಲಿಲ್ಲ. ಫ್ರಾನ್ಸ್‌ನ ಪೌಲ್ ಪೋಗ್ಬಾ 2023ರ ಆಗಸ್ಟ್‌ನಲ್ಲಿ ಸಿಕ್ಕಿಬಿದ್ದದ್ದು ಅವರು ಮೈದಾನಕ್ಕೇ ಇಳಿಯದ ಪಂದ್ಯವೊಂದರ ನಂತರದ ಪರೀಕ್ಷೆಯಲ್ಲಿ. 2024ರ ಫೆಬ್ರವರಿಯಲ್ಲಿ ನಾಲ್ಕು ವರ್ಷಗಳ ನಿಷೇಧ ಬಿತ್ತು. ವೈದ್ಯರು ಸೂಚಿಸಿದ ಪೂರಕ ಆಹಾರದಿಂದ ಹೀಗಾಯಿತೆಂಬ ವಾದದ ನಂತರ ಅದೇ ಅಕ್ಟೋಬರ್‌ನಲ್ಲಿ ಅದು 18 ತಿಂಗಳಿಗೆ ಇಳಿಯಿತು. ಆ ಬಳಿಕ ಯುವೆಂಟಸ್ ಜೊತೆಗಿನ ಬಾಂಧವ್ಯ ಕಡಿದುಹೋಯಿತು.

2011ರ ಮಹಿಳಾ ವಿಶ್ವಕಪ್‌ನಲ್ಲಿ ಉತ್ತರ ಕೊರಿಯಾದ ಐವರು ಆಟಗಾರ್ತಿಯರಲ್ಲಿ ಸ್ಟೀರಾಯ್ಡ್ ಪತ್ತೆಯಾದಾಗ, ಕಸ್ತೂರಿ ಮೃಗದ ಗ್ರಂಥಿಯಿಂದ ಮಾಡಿದ ಸಾಂಪ್ರದಾಯಿಕ ಔಷಧವೇ ಕಾರಣವೆಂದು ತಂಡ ಸಮಜಾಯಿಷಿ ನೀಡಿತು. ಶಿಕ್ಷೆ ತಪ್ಪಲಿಲ್ಲ. ನಾಟಿ ಮದ್ದು, ಗಿಡಮೂಲಿಕೆ ಎಂದರೆ ನಿರಪಾಯಕಾರಿ ಎಂಬ ನಂಬಿಕೆ ನಮ್ಮಲ್ಲೂ ಆಳವಾಗಿರುವುದರಿಂದ ಈ ಪ್ರಕರಣ ಗಮನಾರ್ಹ.

ಭಾರತದ ಫುಟ್‌ಬಾಲ್‌ಗೆ ಈ ಬಿಸಿ ತಟ್ಟಿದ್ದು 2017ರಲ್ಲಿ. ಮಾರ್ಚ್ ತಿಂಗಳಲ್ಲಿ ಮುಂಬೈನಲ್ಲಿ ನಡೆದ ರಾಷ್ಟ್ರೀಯ ಶಿಬಿರದಲ್ಲಿ ಗೋಲ್‌ಕೀಪರ್ ಸುಬ್ರತಾ ಪಾಲ್ ಅವರಿಂದ ಪಡೆದ ಮಾದರಿಯಲ್ಲಿ ಟರ್ಬುಟಲಿನ್ ಕಂಡುಬಂತು. ಇದು ನಮ್ಮ ಔಷಧದಂಗಡಿಗಳಲ್ಲಿ ಸಿಗುವ ಅನೇಕ ಕೆಮ್ಮಿನ ಸಿರಪ್‌ಗಳಲ್ಲಿರುವ ಅಂಶ. ಕೆಮ್ಮಿನ ಔಷಧದಿಂದಲೇ ಅದು ಬಂದಿದೆ ಎಂಬುದು ಅವರ ವಿವರಣೆಯಾಗಿತ್ತು. ಅದೇ ವರ್ಷ ಅವರು ಇಂಡಿಯನ್ ಸೂಪರ್ ಲೀಗ್‌ನಲ್ಲಿ ಜೆಮ್‌ಶೆಡ್‌ಪುರ ತಂಡದ ಗೋಲು ಕಾಯಲು ಮರಳಿದರು. ಆದರೆ ದೇಶದ ತಂಡದ ಅನುಭವಿ ಆಟಗಾರನ ಹೆಸರು ಅಷ್ಟರಲ್ಲಿ ಮದ್ದಿನ ಸುದ್ದಿಯ ತಲೆಬರಹವಾಗಿತ್ತು.

ಜನ್ಸಾಲೆಯ ಓಟಗಾರ್ತಿ ಕಲಿಸಿದ ಪಾಠ

ಕರ್ನಾಟಕದ ಮಟ್ಟಿಗೆ ಈ ಪಾಠ ಬಂದದ್ದು ಫುಟ್‌ಬಾಲ್‌ನಿಂದಲ್ಲ, ಓಟದ ಅಂಗಳದಿಂದ. ಉಡುಪಿ ಜಿಲ್ಲೆಯ ಸಿದ್ದಾಪುರ ಬಳಿಯ ಜನ್ಸಾಲೆಯ ಅಶ್ವಿನಿ ಅಕ್ಕುಂಜಿ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 4x400 ಮೀಟರ್ ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ ಗೆದ್ದು ನಾಡಿನ ಮನೆಮಾತಾದರು.

2011ರಲ್ಲಿ ಅವರ ಹಾಗೂ ಜೊತೆಯ ಓಟಗಾರ್ತಿಯರ ಮಾದರಿಗಳಲ್ಲಿ ಸ್ಟೀರಾಯ್ಡ್ ಪತ್ತೆಯಾಯಿತು. ಉಕ್ರೇನಿನ ತರಬೇತುದಾರ ಯೂರಿ ಒಗೊರೊದ್ನಿಕ್ ಒದಗಿಸಿದ ಜಿನ್ಸೆಂಗ್ ಮಾತ್ರೆಗಳೇ ಕಾರಣ ಎಂಬುದು ಓಟಗಾರ್ತಿಯರ ವಾದ. ತರಬೇತುದಾರರನ್ನು ಕೆಲಸದಿಂದ ತೆಗೆಯಲಾಯಿತು. ಡಿಸೆಂಬರ್‌ನಲ್ಲಿ ದೇಶೀಯ ಶಿಸ್ತು ಸಮಿತಿ ಒಂದು ವರ್ಷದ ನಿಷೇಧ ವಿಧಿಸಿತು. ಅದು ಕಡಿಮೆಯಾಯಿತೆಂದು ಅಂತರರಾಷ್ಟ್ರೀಯ ಅಥ್ಲೆಟಿಕ್ ಫೆಡರೇಷನ್ ಮೇಲ್ಮನವಿ ಸಲ್ಲಿಸಿದಾಗ, 2012ರ ಜುಲೈನಲ್ಲಿ ಕ್ರೀಡಾ ನ್ಯಾಯ ಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ಮಾತ್ರೆ ಕೊಟ್ಟವರು ತರಬೇತುದಾರರು, ಫಲ ಉಂಡವರು ಓಟಗಾರ್ತಿಯರು. ಇದು ಅನ್ಯಾಯವೆಂದು ತೋರಬಹುದು. ಆದರೆ ವಿಶ್ವ ಉದ್ದೀಪನ ಮದ್ದು ತಡೆ ಘಟಕದ (ವಾಡಾ) ನಿಯಮಾವಳಿ ನಿಂತಿರುವುದೇ ಈ ತತ್ವದ ಮೇಲೆ: ದೇಹದೊಳಗೆ ಏನಿದೆಯೋ ಅದಕ್ಕೆ ಕ್ರೀಡಾಪಟುವೇ ಹೊಣೆ. ಉದ್ದೇಶವಿರಲಿಲ್ಲ ಎಂಬುದು ಶಿಕ್ಷೆಯ ಅವಧಿಯನ್ನು ತಗ್ಗಿಸಬಹುದು, ತಪ್ಪನ್ನು ಅಳಿಸದು. 'ಗೊತ್ತಿರಲಿಲ್ಲ' ಎಂಬ ಮಾತನ್ನು ಒಪ್ಪಿಬಿಟ್ಟರೆ ಪ್ರತಿಯೊಬ್ಬ ವಂಚಕನೂ ಅದನ್ನೇ ಹೇಳುತ್ತಾನೆ ಎಂಬುದು ಈ ಕಾಠಿಣ್ಯದ ಹಿಂದಿನ ತರ್ಕ.

ಇದರ ಪರಿಣಾಮ ಮಾತ್ರ ಎಲ್ಲರ ಮೇಲೂ ಒಂದೇ ತೆರನಾಗಿಲ್ಲ. ದೊಡ್ಡ ಕ್ಲಬ್ಬಿನ ತಾರೆಗೆ ವೈದ್ಯರ ತಂಡವಿದೆ, ವಕೀಲರ ಪಡೆಯಿದೆ, ಮೇಲ್ಮನವಿಗೆ ಹಣವಿದೆ. ತಾಲ್ಲೂಕು ಕೇಂದ್ರದ ಹುಡುಗನಿಗೆ ಇರುವುದು ಪರಿಚಯದ ಮೆಡಿಕಲ್ ಸ್ಟೋರ್, ಜಿಮ್ಮಿನ ಗೆಳೆಯ ಕೊಟ್ಟ ಪುಡಿಯ ಡಬ್ಬಿ ಮತ್ತು ತರಬೇತುದಾರನ ಮೇಲಿನ ನಂಬಿಕೆ.

ಎಚ್ಚರಿಕೆ ಎಲ್ಲಿಂದ?

ಇದು ದೂರದ ಮಾತಲ್ಲ. ವಾಡಾ ಅಂಕಿ-ಅಂಶಗಳ ಪ್ರಕಾರ 2023ರಲ್ಲಿ ಭಾರತದ 5,606 ಮಾದರಿಗಳ ಪೈಕಿ 213ರಲ್ಲಿ ನಿಷೇಧಿತ ವಸ್ತು ಪತ್ತೆಯಾಯಿತು. ಅಂದರೆ ನೂರಕ್ಕೆ ಸುಮಾರು ನಾಲ್ಕು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕಕ್ಕೆ (ನಾಡಾ) 2022ರ ಕಾಯ್ದೆ ಶಾಸನಬದ್ಧ ಅಧಿಕಾರ ನೀಡಿದೆ. ಅದರ ಅಧಿಕಾರಿಗಳು ಖೇಲೊ ಇಂಡಿಯಾದಂಥ ಕಿರಿಯರ ಕೂಟಗಳಲ್ಲೂ ಮಾದರಿ ಪಡೆಯುತ್ತಾರೆ. ಕರೆ ಬಂದಾಗ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವುದೂ ಅಪರಾಧವೇ. ಇಂಗ್ಲೆಂಡಿನ ರಿಯೊ ಫರ್ಡಿನೆಂಡ್ 2003ರಲ್ಲಿ ಒಂದು ಪರೀಕ್ಷೆಗೆ ಹಾಜರಾಗದ ತಪ್ಪಿಗೆ ಎಂಟು ತಿಂಗಳು ಆಟದಿಂದ ಹೊರಗುಳಿದರು.

ಮಾದರಿಯನ್ನು ಆಟಗಾರನ ಎದುರಿನಲ್ಲೇ 'ಎ' ಮತ್ತು 'ಬಿ' ಎಂಬ ಎರಡು ಬಾಟಲಿಗಳಿಗೆ ತುಂಬಿ ಮೊಹರು ಮಾಡಲಾಗುತ್ತದೆ. 'ಎ' ಮಾದರಿಯಲ್ಲಿ ದೋಷ ಕಂಡರೆ 'ಬಿ' ಮಾದರಿಯ ಪರೀಕ್ಷೆ ಕೇಳುವ ಹಕ್ಕು ಆಟಗಾರನಿಗಿದೆ. ಇತ್ತೀಚೆಗೆ ಸೇವಿಸಿದ ಔಷಧಗಳನ್ನು ನಮೂದಿಸಲು ಅರ್ಜಿಯಲ್ಲಿ ಜಾಗವಿರುತ್ತದೆ. ಅದನ್ನು ಖಾಲಿ ಬಿಡುವುದು ಹಲವರು ಮಾಡುವ ತಪ್ಪು. ಆಸ್ತಮಾದಂಥ ಕಾಯಿಲೆಗೆ ನಿಷೇಧಿತ ಔಷಧ ಅನಿವಾರ್ಯವಾದರೆ ವೈದ್ಯಕೀಯ ದಾಖಲೆಗಳೊಂದಿಗೆ ವಿನಾಯಿತಿಗೆ ಅರ್ಜಿ ಸಲ್ಲಿಸುವ ಅವಕಾಶವೂ ಇದೆ.

ಪುಡಿ, ಮಾತ್ರೆ, ಸಿರಪ್ ಯಾವುದನ್ನೇ ಕೊಂಡರೂ ಬಿಲ್ಲು ಮತ್ತು ಡಬ್ಬಿಯನ್ನು ಉಳಿಸಿಕೊಳ್ಳುವುದು, ತಾನು ಕ್ರೀಡಾಪಟು ಎಂದು ವೈದ್ಯರಿಗೆ ಮೊದಲೇ ತಿಳಿಸುವುದು, ಔಷಧದ ಹೆಸರನ್ನು ನಿಷೇಧಿತ ಪಟ್ಟಿಯೊಂದಿಗೆ ತಾಳೆ ನೋಡುವುದು ಇವಿಷ್ಟೂ ಖರ್ಚಿಲ್ಲದ ಕೆಲಸಗಳು. ಪಟ್ಟಿ ಪ್ರತಿ ವರ್ಷ ಜನವರಿ 1ರಿಂದ ಪರಿಷ್ಕೃತವಾಗುತ್ತದೆ. ನೋವು ನಿವಾರಕ ಟ್ರಮಡಾಲ್ 2024ರಿಂದ ಸ್ಪರ್ಧೆಯ ಸಮಯದಲ್ಲಿ ನಿಷಿದ್ಧವಾಗಿರುವುದು ಇದಕ್ಕೊಂದು ಉದಾಹರಣೆ. ಹಿಂದಿನ ವರ್ಷ ನಡೆದದ್ದು ಈ ವರ್ಷವೂ ನಡೆಯುತ್ತದೆಂಬ ಖಾತರಿಯಿಲ್ಲ.

ದೊಡ್ಡ ಫುಟ್‌ಬಾಲ್‌ನ ಸಂಶಯಗಳನ್ನು ಬಗೆಹರಿಸುವುದು ಫಿಫಾ ಹಾಗೂ ಪ್ರಯೋಗಾಲಯಗಳ ಕೆಲಸ. ಅದಕ್ಕೆ ಅವು ಇನ್ನಷ್ಟು ಪರೀಕ್ಷೆ ನಡೆಸಬೇಕು, ಇನ್ನಷ್ಟು ಹಣ ತೆಗೆದಿಡಬೇಕು. ಆದರೆ ಆಯ್ಕೆ ಶಿಬಿರದ ಹಿಂದಿನ ರಾತ್ರಿ ಕೆಮ್ಮು ಹತ್ತಿದ ಹುಡುಗನೊಬ್ಬ ಪಿರಿಯಾಪಟ್ಟಣದ ಔಷಧದಂಗಡಿಯ ಮುಂದೆ ನಿಂತಾಗ ಫಿಫಾ ಅಲ್ಲಿರುವುದಿಲ್ಲ. ಶಾಲೆಯ ದೈಹಿಕ ಶಿಕ್ಷಕರೋ ಊರಿನ ತರಬೇತುದಾರರೋ ಎಂದೋ ಒಂದು ದಿನ ಹೇಳಿದ ಮಾತು ನೆನಪಿದ್ದರೆ ಮಾತ್ರ ಆತ ಬಾಟಲಿ ತಿರುಗಿಸಿ ಅದರ ಮೇಲಿನ ಹೆಸರು ಓದುತ್ತಾನೆ.