ನೆಲಮಾಳಿಗೆಯ ಮೂಲೆಯಲ್ಲೊಂದು ಡಾರ್ಕ್‌ರೂಮ್

ಅಟ್ಟದ ಮೇಲಿನ ಹಳೆಯ ಕ್ಯಾಮೆರಾ ಇಳಿಸಿ, ದೂಳು ಕೊಡವಿ, ಮತ್ತೆ ರೀಲ್ ಹಾಕುವ ಹುಡುಗ ಹುಡುಗಿಯರು ಈಚೆಗೆ ಕಾಣಸಿಗುತ್ತಿದ್ದಾರೆ. ರೀಲೇನೋ ಸಿಗುತ್ತದೆ, ಅದನ್ನು ತೊಳೆದುಕೊಡುವ ಸ್ಟುಡಿಯೋ ಹುಡುಕುವುದೇ ಕಷ್ಟ. ಹಿಂದೆ ಸ್ಟುಡಿಯೋಗಳ ಹಿಂಬದಿಯಲ್ಲಿ ಕರಿಪರದೆ ಇಳಿಬಿಟ್ಟ ಕೋಣೆ ಇರುತ್ತಿತ್ತು. ಆ ಜಾಗದಲ್ಲೀಗ ಕಂಪ್ಯೂಟರ್ ಕೂತಿದೆ. ಹಾಗಾಗಿ ಹವ್ಯಾಸಿಗಳ ಕಣ್ಣು ಮನೆಯ ನೆಲಮಾಳಿಗೆಯ ಮೇಲೆ ಬೀಳುತ್ತದೆ. ಕಾರು ನಿಲ್ಲಿಸಿ ಮಿಕ್ಕ ಮೂಲೆಯೋ, ಹಳೆ ಸಾಮಾನಿನ ಸ್ಟೋರ್ ರೂಮೋ, ಎಂಟಡಿಗೆ ಆರಡಿ ಇದ್ದರೂ ನಡೆಯುತ್ತದೆ.

ಡಾರ್ಕ್‌ರೂಮ್ ಎಂದೊಡನೆ ಎಲ್ಲರೂ ಯೋಚಿಸುವುದು ಕತ್ತಲೆಯ ಬಗ್ಗೆ. ನೆಲಮಾಳಿಗೆಯಲ್ಲಿ ಅದು ಅರ್ಧ ದಿನದ ಕೆಲಸ. ಬಾಗಿಲ ಸಂದಿಗೆ ಕಪ್ಪು ಬಟ್ಟೆ, ವೆಂಟಿಲೇಟರ್‌ಗೆ ಕಪ್ಪು ಹಾಳೆ ಅಂಟಿಸಿ ಐದು ನಿಮಿಷ ಸುಮ್ಮನೆ ಕೂರಬೇಕು. ಕಣ್ಣು ಪಳಗಿದ ಮೇಲೆ ಸೂಜಿಮೊನೆಯಷ್ಟು ಬೆಳಕಿದ್ದರೂ ಎದ್ದು ಕಾಣುತ್ತದೆ. ಸ್ವಿಚ್‌ಬೋರ್ಡಿನ ಕೆಂಪು ಇಂಡಿಕೇಟರ್, ಜೇಬಿನ ಮೊಬೈಲು ಕೂಡ ಕಳ್ಳ ಬೆಳಕೇ.

ನಿಜವಾದ ಗುದ್ದಾಟ ತೇವ, ದೂಳು ಮತ್ತು ನೀರಿನ ಜೊತೆಗೆ. ಮಳೆಗಾಲದಲ್ಲಿ ಗೋಡೆ ಬೆವರುವ ನೆಲಮಾಳಿಗೆಯಲ್ಲಿ ಫೋಟೋ ಕಾಗದದ ಪೊಟ್ಟಣ ಇಡುವಂತಿಲ್ಲ, ಅದರ ಜಾಗ ಮೇಲಿನ ಬೀರು. ಫಿಲ್ಮ್ ಸುತ್ತುವ ಪ್ಲಾಸ್ಟಿಕ್ ಸುರುಳಿ ತುಸು ಒದ್ದೆಯಿದ್ದರೂ ಫಿಲ್ಮ್ ಅರ್ಧಕ್ಕೇ ಕಚ್ಚಿಕೊಳ್ಳುತ್ತದೆ. ಅದೂ ಏನೂ ಕಾಣದ ಗಾಢ ಕತ್ತಲೆಯಲ್ಲಿ! ಬಹುಪಾಲು ನೆಲಮಾಳಿಗೆಗಳು ಬೀದಿಯ ಚರಂಡಿಗಿಂತ ತಗ್ಗಿನಲ್ಲಿರುವುದರಿಂದ ನೀರು ಹೊರಹೋಗಲು ದಾರಿಯಿಲ್ಲ. ಕೆಳಗೆ ರಸಾಯನದ ಟ್ರೇಗಳಷ್ಟೇ ಇರಲಿ, ಪ್ರಿಂಟುಗಳನ್ನು ಬಕೆಟ್ಟಿನಲ್ಲಿ ಮೇಲೆ ಒಯ್ದು ಬಚ್ಚಲಲ್ಲಿ ತೊಳೆಯಿರಿ. ಇನ್ನೊಂದು ಮಾತು, ಸಂಪಿನ ಮೋಟಾರ್ ಓಡುವಾಗ ಪ್ರಿಂಟ್ ಹಾಕಬೇಡಿ. ನೆಗೆಟಿವ್ ಅನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಎನ್‌ಲಾರ್ಜರ್ ಕೂದಲೆಳೆಯಷ್ಟು ನಡುಗಿದರೂ ಚಿತ್ರ ಮಸುಕಾಗುತ್ತದೆ.

ಕೋಣೆಯನ್ನು ಎರಡು ಪಾಲು ಮಾಡಬೇಕು. ಒಂದು ಪಕ್ಕ ಒಣದ್ದು: ಎನ್‌ಲಾರ್ಜರ್, ಕಾಗದ, ನೆಗೆಟಿವ್. ಎದುರು ಪಕ್ಕ ಒದ್ದೆಯದು: ಚಿತ್ರ ಮೂಡಿಸುವ ಡೆವಲಪರ್, ಅದನ್ನು ತಡೆಯುವ ಸ್ಟಾಪ್ ಬಾತ್, ಚಿತ್ರವನ್ನು ನಿಲ್ಲಿಸುವ ಫಿಕ್ಸರ್ ತುಂಬಿದ ಮೂರು ಟ್ರೇ. ಅಜ್ಜಿಯ ಅಡುಗೆಮನೆಯ ಮುಸುರೆ ಕಟ್ಟಳೆಯೇ ಇಲ್ಲಿಯೂ. ಫಿಕ್ಸರ್ ಮುಟ್ಟಿದ ಬೆರಳು ತೊಳೆದು ಒರೆಸದೆ ಕಾಗದ ಮುಟ್ಟಬಾರದು. ಗಾಳಿ ಒಣಪಕ್ಕದಿಂದ ಬಂದು ಟ್ರೇಗಳ ಮೇಲೆ ಹಾದು ಎಕ್ಸಾಸ್ಟ್ ಫ್ಯಾನಿನಿಂದ ಹೊರಹೋಗಲಿ.

ಕೆಂಪು ದೀಪ ಪ್ರಿಂಟ್ ಹಾಕುವಾಗ ಮಾತ್ರ. ಕಪ್ಪುಬಿಳುಪು ಕಾಗದ ನೀಲಿ, ಹಸಿರು ಬೆಳಕಿಗೆ ಸ್ಪಂದಿಸುತ್ತದೆ, ಕೆಂಪಿಗೆ ಇಲ್ಲ. ಇಂದಿನ ಬಹುತೇಕ ಫಿಲ್ಮ್‌ಗಳು ಎಲ್ಲ ಬಣ್ಣಕ್ಕೂ ಸ್ಪಂದಿಸುವುದರಿಂದ, ಫಿಲ್ಮ್ ತೊಳೆಯುವ ಟ್ಯಾಂಕಿನ ಮುಚ್ಚಳ ಬಿಗಿಯುವತನಕ ಯಾವ ದೀಪವೂ ಕೂಡದು. ಅಂಗಡಿಯ ಕೆಂಪು ಬಲ್ಬನ್ನು ಕಣ್ಣುಮುಚ್ಚಿ ನಂಬಬೇಡಿ. ಕಾಗದದ ಚೂರಿಗೆ ಎನ್‌ಲಾರ್ಜರಿನಿಂದ ನಸು ಬೆಳಕು ತಾಗಿಸಿ, ಮೇಲೊಂದು ನಾಣ್ಯ ಇಟ್ಟು, ಕೆಂಪು ದೀಪದಡಿ ಐದು ನಿಮಿಷ ಬಿಟ್ಟು ತೊಳೆಯಿರಿ. ನಾಣ್ಯದ ಗುರುತು ಮೂಡಿದರೆ ಆ ಬಲ್ಬು ಕೆಲಸಕ್ಕೆ ಬಾರದು.

ರಸಾಯನಗಳಿಗೆ ಹೆದರಬೇಕಿಲ್ಲ. 1920ರ ದಶಕದಲ್ಲಿ ಕೊಡ್ಯಾಕ್ ರೂಪಿಸಿದ ಡಿ-76 ಇಂದಿಗೂ ನಂಬಿಕಸ್ತ ಡೆವಲಪರ್. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬಿಳಿಗಾರ 2 ಗ್ರಾಂ. ಮೆಟಾಲ್ ಕೆಲವರ ಚರ್ಮಕ್ಕೆ ಆಗದು, ಆದ್ದರಿಂದ ಗ್ಲೌಸ್, ಇಕ್ಕಳ ಇರಲಿ. ಡೆವಲಪರಿನಲ್ಲಿ ಇಡುವ ಹೊತ್ತಿನ ಲೆಕ್ಕವೆಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ ಹಾಕಿದ್ದು. ಅಲ್ಲಿ ಎಂಟು ನಿಮಿಷ ಬೇಡುವ ಫಿಲ್ಮ್‌ಗೆ 24 ಡಿಗ್ರಿಯಲ್ಲಿ ಆರು ನಿಮಿಷವೂ ಬೇಡ. ಬೇಸಿಗೆಯಲ್ಲೂ ತಣ್ಣಗಿರುವ ನೆಲಮಾಳಿಗೆಯ ಬೆಲೆ ತಿಳಿಯುವುದು ಇಲ್ಲಿ. 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕೂಡ ‘ಇಂದು’ ಫಿಲ್ಮ್, ಕಾಗದ ತಯಾರಿಸಲು ನೆಲೆಯೂರಿದ್ದು ತಂಪು ಹವೆಯ ಊಟಿಯಲ್ಲಿ. ಫಿಕ್ಸರ್‌ನ ಜೀವಾಳ ಹೈಪೋ. ಅದು ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂದು ಜಾನ್ ಹರ್ಷೆಲ್ ಕಂಡುಕೊಂಡದ್ದು 1819ರಲ್ಲಿ. ಛಾಯಾಗ್ರಹಣ ಲೋಕಕ್ಕೆ ಪ್ರಕಟವಾಗಲು ಇನ್ನೂ ಇಪ್ಪತ್ತು ವರ್ಷವಿತ್ತು!

ಇಷ್ಟೆಲ್ಲ ಸಿದ್ಧತೆ ಪ್ರಿಂಟಿಗಾಗಿ. ಮೊದಲು ಒಂದು ಪಟ್ಟಿ ಕಾಗದವನ್ನು ರಟ್ಟಿನಿಂದ ಮುಚ್ಚಿ, ಐದೈದು ಸೆಕೆಂಡಿಗೆ ಒಂದಿಷ್ಟು ಸರಿಸುತ್ತ ಬೆಳಕು ಕೊಡಬೇಕು. ತೊಳೆದಾಗ ಬಿಳಿಯಿಂದ ಕಪ್ಪಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಚಿತ್ರ ಮೂಡುತ್ತದೆ. ಮುಖದ ಮೈಬಣ್ಣ ಯಾವ ಮೆಟ್ಟಿಲಲ್ಲಿ ಸರಿಯೆನಿಸಿತೋ ಅಷ್ಟು ಸೆಕೆಂಡು ಪೂರ್ತಿ ಕಾಗದಕ್ಕೆ. ಬೆಳಕು ಬೀಳುವಾಗ ಮುಖಕ್ಕೆ ಅಂಗೈ ಅಡ್ಡ ಹಿಡಿದರೆ ಮುಖ ತಿಳಿಯಾಗುತ್ತದೆ, ಆಕಾಶಕ್ಕೆ ಇನ್ನಷ್ಟು ಬೆಳಕು ಕೊಟ್ಟರೆ ಮೋಡ ಗಟ್ಟಿಯಾಗುತ್ತದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ವನ್ಯಜೀವಿ ಛಾಯಾಗ್ರಾಹಕರು ಹೆಸರಾದ ಕಾಲದಲ್ಲಿ ಸ್ಪರ್ಧೆಗೆ ಹೋಗುತ್ತಿದ್ದುದು 15x12 ಅಂಗುಲದ ಪ್ರಿಂಟು. ಕಾಡಿನಲ್ಲಿ ಕಾದು ಹಿಡಿದ ಬೆಳಕು ತೀರ್ಪುಗಾರರ ಕಣ್ಣಿಗೆ ಬೀಳುವ ಮೊದಲು ಈ ಕೋಣೆಯನ್ನು ಹಾದುಹೋಗಲೇಬೇಕಿತ್ತು.

ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುತ್ತದೆ. ಅದನ್ನು ಗಿಡದ ಬುಡಕ್ಕೋ ಇಂಗುಗುಂಡಿಗೋ ಸುರಿಯಬೇಡಿ, ಕ್ಯಾನಿನಲ್ಲಿ ಕೂಡಿಡಿ. ಹಳೆಯ ಎಕ್ಸ್‌ರೇ ಫಿಲ್ಮ್‌ನಿಂದ ಬೆಳ್ಳಿ ತೆಗೆಯುವವರು ಹತ್ತಿರದಲ್ಲಿದ್ದರೆ ಅವರನ್ನು ವಿಚಾರಿಸಿ.

ಮೊದಲ ದಿನವೇ ಎನ್‌ಲಾರ್ಜರ್‌ಗೆ ದುಡ್ಡು ಸುರಿಯುವ ಅಗತ್ಯವಿಲ್ಲ. ಹಳೆಯ ಬಾಕ್ಸ್ ಕ್ಯಾಮೆರಾದ ಅಗಲ ನೆಗೆಟಿವ್‌ಗಳು ಮನೆಯಲ್ಲಿ ಉಳಿದಿದ್ದರೆ, ಕಾಗದದ ಮೇಲಿಟ್ಟು, ಗಾಜು ಒತ್ತಿ, ಮೇಲಿನಿಂದ ಸಣ್ಣ ಬಲ್ಬೊಂದನ್ನು ಕ್ಷಣಕಾಲ ಹೊತ್ತಿಸಿ ನೋಡಿ. ನೆಗೆಟಿವ್‌ನಷ್ಟೇ ಅಳತೆಯ ಪ್ರಿಂಟು ಸಿಗುತ್ತದೆ. ಈ ಕೆಲಸ ನಿಮಗೆ ಹಿಡಿಸುತ್ತದೋ ಇಲ್ಲವೋ ಎಂಬುದು ಅಷ್ಟರಲ್ಲೇ ತಿಳಿದುಹೋಗುತ್ತದೆ. ಸ್ಟೋರ್ ರೂಮ್ ಖಾಲಿ ಮಾಡುವ ಮಾತು ಆಮೇಲೆ.